ಸಂಭವನೀಯತೆಯಲ್ಲಿ ‘ಅಥವಾ’: ಒಟ್ಟಿಗೆ ಆಗದ ಘಟನೆಗಳು, ಒಂದರ ಮೇಲೊಂದು ಬೀಳುವ ಘಟನೆಗಳು – ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಕಡೆಯ ಪಿಯುಸಿ ವಿದ್ಯಾರ್ಥಿಗಳು ಸಂಭವನೀಯತೆಯ ಪಾಠ ಮುಗಿದ ಮೇಲೂ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಅಂಗಡಿ, ಮಂಡಿ, ಹೊಲಗಳ ಉದಾಹರಣೆಯಲ್ಲಿ ಬರುವ ಸಂಖ್ಯೆಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ಯಾವ ಸಮೀಕ್ಷೆಯಿಂದ ತಂದವೂ ಅಲ್ಲ. ಸಂ(ಅ) ಎಂದು ಬರೆದರೆ ಅ ಎಂಬ ಘಟನೆಯ ಸಂಭವನೀಯತೆ. ಅ ∪ ಬ ಎಂದರೆ ಎರಡರಲ್ಲಿ ಒಂದಾದರೂ ಆಗುವುದು, ಅ ∩ ಬ ಎಂದರೆ ಎರಡೂ ಆಗುವುದು.

ಎರಡು ಘಟನೆಗಳು ಪರಸ್ಪರ ವರ್ಜಕವೋ ಅಲ್ಲವೋ ಎಂದು ಗುರುತಿಸುವುದು ಹೇಗೆ?

ಪರಸ್ಪರ ವರ್ಜಕ ಎಂದರೆ ಒಟ್ಟಿಗೆ ಆಗಲಾರದ ಘಟನೆಗಳು. ಪ್ರಯೋಗವನ್ನು ಒಂದು ಸಲ ಮಾಡಿದ್ದೀರಿ ಎಂದಿಟ್ಟುಕೊಳ್ಳಿ. ಎರಡೂ ಘಟನೆಗಳನ್ನು ಒಮ್ಮೆಗೇ ನಿಜ ಮಾಡುವ ಒಂದೇ ಒಂದು ಫಲಿತವನ್ನು ಬರೆದು ತೋರಿಸಲು ಪ್ರಯತ್ನಿಸಿ. ಸಿಕ್ಕಿತೆಂದರೆ ಅವು ವರ್ಜಕವಲ್ಲ. ಫಲಿತಗಣವನ್ನೆಲ್ಲ (ಆಗಬಹುದಾದ ಎಲ್ಲ ಫಲಿತಗಳನ್ನು) ತಡಕಿದರೂ ಸಿಗದಿದ್ದರೆ ವರ್ಜಕ.

ದಾಳ ಉರುಳಿಸಿದಾಗ ‘ಸಮಸಂಖ್ಯೆ’ ಮತ್ತು ‘5’ ಎರಡೂ ಆಗುವ ಮುಖವಿಲ್ಲ. ಆದ್ದರಿಂದ ನೇರವಾಗಿ ಕೂಡಬಹುದು: 3/6 + 1/6 = 4/6. ಅದೇ ‘ಸಮಸಂಖ್ಯೆ’ ಮತ್ತು ‘ಅವಿಭಾಜ್ಯ ಸಂಖ್ಯೆ’ ಎಂದರೆ 2 ಎರಡು ಕಡೆಯೂ ಇದೆ. 3/6 + 3/6 ಎಂದು ಕೂಡಿದರೆ 1 ಬರುತ್ತದೆ, ಅಂದರೆ ಖಚಿತ ಘಟನೆ. ಆದರೆ ದಾಳದಲ್ಲಿ 1 ಬಿದ್ದರೆ ಅದು ಸಮವೂ ಅಲ್ಲ, ಅವಿಭಾಜ್ಯವೂ ಅಲ್ಲ. ಸರಿಯಾದ ಉತ್ತರ 5/6.

ಘಟನೆಗಳ ಹೆಸರು ನೋಡಿ ತೀರ್ಮಾನಿಸಬೇಡಿ. ಹೆಸರು ಬೇರೆಯಾದರೆ ಘಟನೆಯೂ ಬೇರೆಬೇರೆ ಎಂದು ಮನಸ್ಸು ತಾನಾಗಿಯೇ ಒಪ್ಪಿಬಿಡುತ್ತದೆ. ಈ ಅಧ್ಯಾಯದ ಅರ್ಧದಷ್ಟು ತಪ್ಪುಗಳಿಗೆ ಮೂಲ ಅಲ್ಲೇ ಇದೆ ಎನ್ನುವುದು ನಮ್ಮ ಅಭಿಪ್ರಾಯ. ಫಲಿತಗಳನ್ನು ಪಟ್ಟಿ ಮಾಡಿದಾಗ ಮಾತ್ರ ನಿಜ ಸ್ಥಿತಿ ಕಾಣುತ್ತದೆ.

ಕೂಡಿದ ಮೇಲೆ ಮತ್ತೆ ಕಳೆಯುವುದು ಏಕೆ?

ಎರಡು ಸಲ ಎಣಿಸಿದವರನ್ನು ಒಂದು ಸಲಕ್ಕೆ ತರಲು. ದಾವಣಗೆರೆಯ ಒಂದು ಮಂಡಕ್ಕಿ ಅಂಗಡಿಗೆ ಸಂಜೆ 50 ಗಿರಾಕಿಗಳು ಬಂದರು ಎಂದುಕೊಳ್ಳಿ. 32 ಮಂದಿ ಖಾರ ಮಂಡಕ್ಕಿ ತೆಗೆದುಕೊಂಡರು, 27 ಮಂದಿ ಮೆಣಸಿನಕಾಯಿ ಬಜ್ಜಿ ತೆಗೆದುಕೊಂಡರು, 18 ಮಂದಿ ಎರಡನ್ನೂ ತೆಗೆದುಕೊಂಡರು. 32ಕ್ಕೆ 27 ಕೂಡಿದರೆ 59. ಬಂದವರೇ 50! ಆ 18 ಮಂದಿ ಮಂಡಕ್ಕಿಯ ಲೆಕ್ಕದಲ್ಲೂ ಇದ್ದಾರೆ, ಬಜ್ಜಿಯ ಲೆಕ್ಕದಲ್ಲೂ ಇದ್ದಾರೆ. ಒಂದು ಸಲ ಕಳೆದರೆ 59 − 18 = 41. ಯಾರಾದರೊಬ್ಬ ಗಿರಾಕಿಯನ್ನು ಆರಿಸಿದರೆ, ಆತ ಎರಡರಲ್ಲಿ ಒಂದನ್ನಾದರೂ ತೆಗೆದುಕೊಂಡಿರುವ ಸಂಭವನೀಯತೆ 41/50, ಅಂದರೆ 0.82. ಏನನ್ನೂ ಮುಟ್ಟದವರು 9 ಮಂದಿ.

ಸೂತ್ರವಾಗಿ ಬರೆದರೆ (ಇದೇ ಸಂಕಲನ ನಿಯಮ):

ಸಂ(ಅ ∪ ಬ) = ಸಂ(ಅ) + ಸಂ(ಬ) − ಸಂ(ಅ ∩ ಬ)

ವರ್ಜಕ ಘಟನೆಗಳಿಗೆ ಬೇರೆ ಸೂತ್ರ ಬೇಕಿಲ್ಲ. ಅಲ್ಲಿ ಕೊನೆಯ ಪದ ಸೊನ್ನೆ, ಅಷ್ಟೇ. ಎರಡು ಸೂತ್ರಗಳನ್ನು ಬೇರೆಬೇರೆ ಬಾಯಿಪಾಠ ಮಾಡಿ, ಯಾವುದನ್ನು ಎಲ್ಲಿ ಹಾಕಬೇಕು ಎಂದು ಗೊಂದಲಕ್ಕೆ ಬೀಳುವ ಬದಲು, ಇದೊಂದನ್ನೇ ಇಟ್ಟುಕೊಂಡು ಸಾಮಾನ್ಯ ಭಾಗ (ಎರಡೂ ಆಗುವುದು, ಅಂದರೆ ಅ ∩ ಬ) ಎಷ್ಟು ಎಂದು ಪ್ರತಿಸಲವೂ ಹುಡುಕಿ.

ಇಲ್ಲೇ ಇನ್ನೊಂದು ಎಡವು. ‘32 ಮಂದಿ ಮಂಡಕ್ಕಿ ತೆಗೆದುಕೊಂಡರು’ ಎಂಬುದನ್ನು ‘ಮಂಡಕ್ಕಿ ಮಾತ್ರ’ ಎಂದು ಓದಿಕೊಂಡು 32 + 27 + 18 = 77 ಎಂದು ಬರೆಯುವವರಿದ್ದಾರೆ. 18 ಮಂದಿ ಆ 32ರ ಒಳಗೇ ಇದ್ದಾರೆ. ಮಂಡಕ್ಕಿ ಮಾತ್ರ ತಿಂದವರು 14, ಬಜ್ಜಿ ಮಾತ್ರ ತಿಂದವರು 9. 14 + 18 + 9 = 41. ಪ್ರಶ್ನೆಯಲ್ಲಿ ‘ಮಾತ್ರ’ ಎಂದು ಇದೆಯೇ, ಇಲ್ಲವೇ ಎಂದು ಗೆರೆ ಎಳೆದು ನೋಡಿ.

ತಪ್ಪಾಗಿ ಕೂಡಿದರೆ ಉತ್ತರ 1ಕ್ಕಿಂತ ಹೆಚ್ಚು ಬಂದು ಗೊತ್ತಾಗಿಬಿಡುತ್ತದಲ್ಲ?

ಯಾವಾಗಲೂ ಇಲ್ಲ. ಅದೇ ಅಂಗಡಿಯಲ್ಲಿ 20 ಮಂದಿ ಮಂಡಕ್ಕಿ, 15 ಮಂದಿ ಬಜ್ಜಿ, 10 ಮಂದಿ ಎರಡೂ ಎಂದಿದ್ದರೆ, ಸುಮ್ಮನೆ ಕೂಡಿದಾಗ 35/50 ಬರುತ್ತದೆ. ನೋಡಲು ಏನೂ ದೋಷವಿಲ್ಲ. ನಿಜವಾದ ಉತ್ತರ 25/50. ಚಿಕ್ಕ ಸಂಭವನೀಯತೆಗಳಲ್ಲಿ ತಪ್ಪು ಹೀಗೆ ಸದ್ದಿಲ್ಲದೆ ಕೂತಿರುತ್ತದೆ.

ಸಾಮಾನ್ಯ ಭಾಗ ಕೊಟ್ಟೇ ಇಲ್ಲದಿದ್ದರೆ?

ಆಗ ಒಂದೇ ಉತ್ತರ ಹೇಳಲು ಆಗುವುದಿಲ್ಲ, ಒಂದು ಮಿತಿ ಹೇಳಬಹುದು. 50 ಗಿರಾಕಿಗಳಲ್ಲಿ 32 ಮತ್ತು 27 ಎಂದಷ್ಟೇ ಗೊತ್ತಿದ್ದರೆ, ಎರಡನ್ನೂ ತಿಂದವರು ಕನಿಷ್ಠ 59 − 50 = 9 ಮಂದಿ ಇರಲೇಬೇಕು. ಗರಿಷ್ಠ 27, ಏಕೆಂದರೆ ಬಜ್ಜಿ ತಿಂದವರೇ ಅಷ್ಟು. ಆದ್ದರಿಂದ ಒಂದನ್ನಾದರೂ ತಿಂದವರು 32ರಿಂದ 50ರ ನಡುವೆ.

ಸಾಮಾನ್ಯ ನಿಯಮ: ಸಂ(ಅ ∪ ಬ) ಎರಡರಲ್ಲಿ ದೊಡ್ಡದಕ್ಕಿಂತ ಕಡಿಮೆಯಾಗದು, ಎರಡರ ಮೊತ್ತವನ್ನು ಮೀರದು, 1ನ್ನೂ ಮೀರದು. ಸಿಇಟಿಯ ಬಹುಆಯ್ಕೆ ಪ್ರಶ್ನೆಗಳಲ್ಲಿ ಇದು ತುಂಬ ಕೆಲಸಕ್ಕೆ ಬರುತ್ತದೆ. ಸಂ(ಅ) = 0.5, ಸಂ(ಬ) = 0.35 ಎಂದು ಕೊಟ್ಟು ಆಯ್ಕೆಗಳಲ್ಲಿ 0.45, 0.67, 0.88, 0.95 ಇದ್ದರೆ, ಲೆಕ್ಕ ಮಾಡುವ ಮೊದಲೇ 0.67 ಒಂದೇ ಉಳಿಯುತ್ತದೆ. ಹವಾಮಾನದ ಮುನ್ಸೂಚನೆಗೂ ಇದೇ ಮಾತು. ಶನಿವಾರ ಮಳೆ ಬರುವ ಸಂಭವ ಶೇ 30, ಭಾನುವಾರ ಶೇ 40 ಎಂದರೆ ವಾರಾಂತ್ಯದಲ್ಲಿ ಒಂದು ದಿನವಾದರೂ ಮಳೆ ಬರುವ ಸಂಭವ ಶೇ 70 ಎಂದು ಹೇಳುವಂತಿಲ್ಲ. ಶೇ 40ರಿಂದ 70ರ ನಡುವೆ ಎಲ್ಲಾದರೂ ಇರಬಹುದು.

‘ಅಥವಾ’ ಎಂದರೆ ಎರಡೂ ಆದದ್ದು ಸೇರುತ್ತದೆಯೇ?

ಗಣಿತದಲ್ಲಿ ಸೇರುತ್ತದೆ. ‘ಎರಡರಲ್ಲಿ ಒಂದು ಮಾತ್ರ’ ಎಂದು ಸ್ಪಷ್ಟವಾಗಿ ಕೇಳಿದ್ದರೆ ಸಾಮಾನ್ಯ ಭಾಗವನ್ನು ಎರಡು ಸಲ ಕಳೆಯಬೇಕು.

ಮಂಡಿಗೆ 200 ಚೀಲ ಮೆಕ್ಕೆಜೋಳ ಬಂದಿದೆ ಎಂದುಕೊಳ್ಳಿ. 46 ಚೀಲಗಳಲ್ಲಿ ತೇವಾಂಶ ಶೇ 14ಕ್ಕಿಂತ ಹೆಚ್ಚು, 30 ಚೀಲಗಳಲ್ಲಿ ಹುಳು ಬಿದ್ದಿದೆ, 12 ಚೀಲಗಳಲ್ಲಿ ಎರಡೂ ದೋಷಗಳಿವೆ. ಏನಾದರೊಂದು ದೋಷ ಇರುವ ಚೀಲಗಳು 46 + 30 − 12 = 64, ಸಂಭವನೀಯತೆ 0.32. ಒಂದೇ ಒಂದು ದೋಷ ಇರುವವು 46 + 30 − 24 = 52, ಸಂಭವನೀಯತೆ 0.26. ದೋಷವೇ ಇಲ್ಲದವು 136, ಅಂದರೆ 0.68. ಚೀಲ ವಾಪಸ್ಸು ಕಳಿಸುವ ತೀರ್ಮಾನಕ್ಕೆ ಬೇಕಾದದ್ದು ಮೊದಲ ಸಂಖ್ಯೆ. ಒಣಗಿಸಿದರೆ ಸಾಕೇ ಎಂದು ತಿಳಿಯಲು ಬೇಕಾದದ್ದು ‘ತೇವ ಮಾತ್ರ’: 46 − 12 = 34 ಚೀಲ. ಒಂದೇ ಮಾಹಿತಿಯಿಂದ ಕೇಳುವ ಪ್ರಶ್ನೆ ಬದಲಾದಂತೆ ಉತ್ತರವೂ ಬದಲಾಗುತ್ತದೆ.

ವರ್ಜಕ ಘಟನೆಗಳೇ ಸ್ವತಂತ್ರ ಘಟನೆಗಳೇ? ಎರಡೂ ‘ಸಂಬಂಧವಿಲ್ಲದ’ ಘಟನೆಗಳಲ್ಲವೇ?

ಅಲ್ಲ, ಬಹುಮಟ್ಟಿಗೆ ಒಂದಕ್ಕೊಂದು ವಿರುದ್ಧ. ಈ ಪುಟದಲ್ಲಿ ಒಂದನ್ನೇ ನಿಧಾನವಾಗಿ ಓದುವುದಾದರೆ ಇದನ್ನು ಓದಿ.

ಸ್ವತಂತ್ರ ಎಂದರೆ ಒಂದು ಆಯಿತೆಂದು ತಿಳಿದರೂ ಇನ್ನೊಂದರ ಸಂಭವನೀಯತೆ ಕದಲುವುದಿಲ್ಲ. ಆಗ ಸಂ(ಅ ∩ ಬ) = ಸಂ(ಅ) × ಸಂ(ಬ). ವರ್ಜಕ ಎಂದರೆ ಒಂದು ಆಯಿತೆಂದು ತಿಳಿದ ತಕ್ಷಣ ಇನ್ನೊಂದರ ಸಂಭವನೀಯತೆ ಸೊನ್ನೆಗೆ ಇಳಿಯುತ್ತದೆ. ಇದಕ್ಕಿಂತ ಗಟ್ಟಿಯಾದ ಅವಲಂಬನೆ ಯಾವುದಿದೆ? ಎರಡು ಘಟನೆಗಳ ಸಂಭವನೀಯತೆಯೂ ಸೊನ್ನೆಗಿಂತ ಹೆಚ್ಚಿದ್ದರೆ ಗುಣಲಬ್ಧವೂ ಸೊನ್ನೆಗಿಂತ ಹೆಚ್ಚು. ಆದರೆ ವರ್ಜಕವಾದರೆ ಸಾಮಾನ್ಯ ಭಾಗ ಸೊನ್ನೆ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲ.

ವ್ಯವಹಾರದಲ್ಲಿ ಇದು ಎಷ್ಟು ದುಬಾರಿ ಎಂದು ಬೋರ್‌ವೆಲ್ ಲೆಕ್ಕದಲ್ಲಿ ನೋಡಿ. ಹೊಸದುರ್ಗದ ಕಡೆ ತೋಟದವರೊಬ್ಬರು ಎರಡು ಬೋರ್ ಕೊರೆಸುತ್ತಾರೆ. ಒಂದೊಂದರಲ್ಲೂ ನೀರು ಬೀಳುವ ಸಂಭವನೀಯತೆ 0.4 ಎಂದುಕೊಳ್ಳೋಣ. ಒಂದರಲ್ಲಾದರೂ ನೀರು ಸಿಗುವುದು ಎಷ್ಟು? 0.4 + 0.4 = 0.8 ಎನ್ನುವುದು ಎರಡು ಬೋರ್‌ಗಳಿಗೂ ಒಟ್ಟಿಗೆ ನೀರು ಬೀಳುವುದೇ ಇಲ್ಲ ಎಂದು ಒಪ್ಪಿಕೊಂಡ ಲೆಕ್ಕ. ಹಾಗೆ ಒಪ್ಪಲು ಕಾರಣವೇ ಇಲ್ಲ. ಸ್ವತಂತ್ರ ಎಂದರೆ 0.4 + 0.4 − 0.16 = 0.64. ಇದೂ ಸ್ವಲ್ಪ ಆಶಾವಾದವೇ. ಗಟ್ಟಿ ಬಂಡೆಯ ನೆಲದಲ್ಲಿ ನೀರು ಇರುವುದು ಬಂಡೆಯ ಬಿರುಕುಗಳಲ್ಲಿ. ಎರಡು ಬೋರ್ ಹತ್ತಿರ ಹತ್ತಿರ, ಒಂದೇ ಬಿರುಕಿನ ಮೇಲೆ ಬಿದ್ದಿದ್ದರೆ ನೀರಿದ್ದರೆ ಎರಡಕ್ಕೂ ಇದೆ, ಇಲ್ಲದಿದ್ದರೆ ಎರಡಕ್ಕೂ ಇಲ್ಲ. ಆಗ ಸಾಮಾನ್ಯ ಭಾಗ 0.4ರ ಹತ್ತಿರ, ಒಂದರಲ್ಲಾದರೂ ನೀರು ಸಿಗುವುದೂ 0.4ರ ಹತ್ತಿರ. ಎರಡನೇ ಬೋರ್‌ಗೆ ಹಾಕಿದ ಹಣದಿಂದ ಸಂಭವನೀಯತೆ ಏನೂ ಏರಿರುವುದಿಲ್ಲ. 0.8, 0.64, 0.4 – ಮೂರಕ್ಕೂ ಸೂತ್ರ ಒಂದೇ. ಬೇರೆಯಾದದ್ದು ಕಳೆಯುವ ಪದ. ಆ ಪದವನ್ನು ಕಾಗದದ ಮೇಲಿನ ಲೆಕ್ಕ ಹೇಳುವುದಿಲ್ಲ, ನೆಲದ ತಿಳಿವಳಿಕೆಯೇ ಹೇಳಬೇಕು.

ವರ್ಜಕ ಘಟನೆಗಳೆಲ್ಲ ಪೂರಕ ಘಟನೆಗಳೇ?

ಇಲ್ಲ. ದಾಳದಲ್ಲಿ ‘1’ ಮತ್ತು ‘6’ ವರ್ಜಕ, ಆದರೆ ಅವೆರಡೂ ಆಗದೆ 3 ಬೀಳಬಹುದು. ಪೂರಕವಾಗಲು ವರ್ಜಕವಾಗಿರುವುದರ ಜೊತೆಗೆ ಎರಡೂ ಸೇರಿ ಇಡೀ ಫಲಿತಗಣವನ್ನು ತುಂಬಬೇಕು. 1ರಿಂದ ಕಳೆಯುವ ಉಪಾಯ ಪೂರಕಕ್ಕೆ ಮಾತ್ರ.

‘ನೋಡಿದವರಲ್ಲಿ ಅರ್ಧ’ ಎಂಬಂಥ ಮಾತು ಬಂದಾಗ ಏನು ಮಾಡಬೇಕು?

ಯಾರಲ್ಲಿ ಅರ್ಧ ಎಂದು ಮೊದಲು ಕೇಳಿಕೊಳ್ಳಿ. ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ಬಂದ ಪ್ರವಾಸಿಗರಲ್ಲಿ ಶೇ 60 ಮಂದಿ ಒನಕೆ ಓಬವ್ವನ ಕಿಂಡಿ ನೋಡಿದರು, ಶೇ 45 ಮಂದಿ ಗೋಪಾಲಸ್ವಾಮಿ ಹೊಂಡದವರೆಗೆ ಹೋದರು, ಕಿಂಡಿ ನೋಡಿದವರಲ್ಲಿ ಅರ್ಧದಷ್ಟು ಮಂದಿ ಹೊಂಡವನ್ನೂ ನೋಡಿದರು ಎಂದು ಪ್ರಶ್ನೆ ಇದೆ ಎನ್ನಿ. ಸಾಮಾನ್ಯ ಭಾಗ 0.5 ಅಲ್ಲ. 0.60ರ ಅರ್ಧ, ಅಂದರೆ 0.30. ಹಾಗಾಗಿ ಒಂದನ್ನಾದರೂ ನೋಡಿದವರು 0.60 + 0.45 − 0.30 = 0.75.

0.5 ಎಂದು ಹಾಕಿದವರಿಗೆ 0.55 ಬರುತ್ತದೆ. ಕಿಂಡಿ ನೋಡಿದವರೇ 0.60 ಇರುವಾಗ ‘ಒಂದನ್ನಾದರೂ ನೋಡಿದವರು’ ಅದಕ್ಕಿಂತ ಕಡಿಮೆ ಇರಲು ಸಾಧ್ಯವಿಲ್ಲ. ಮೇಲೆ ಹೇಳಿದ ಮಿತಿಯ ನಿಯಮ ಇಲ್ಲಿ ತಪ್ಪನ್ನು ಹಿಡಿದುಕೊಡುತ್ತದೆ. ದ್ವಿತೀಯ ಪಿಯುಸಿಯಲ್ಲಿ ಬರುವ ಷರತ್ತುಬದ್ಧ ಸಂಭವನೀಯತೆ ಇದೇ. ಸಾಮಾನ್ಯ ಭಾಗ = ಮೊದಲನೆಯದರ ಸಂಭವನೀಯತೆ × ಮೊದಲನೆಯದು ಆದಾಗ ಎರಡನೆಯದರ ಸಂಭವನೀಯತೆ.

ಮೂರು ಘಟನೆಗಳಿದ್ದರೆ?

ಮೂರನ್ನು ಕೂಡಿ, ಜೋಡಿಗಳ ಸಾಮಾನ್ಯ ಭಾಗಗಳನ್ನು ಕಳೆದು, ಮೂರಕ್ಕೂ ಸಾಮಾನ್ಯವಾದದ್ದನ್ನು ಮತ್ತೆ ಕೂಡಬೇಕು. ಕೊನೆಗೆ ಕೂಡುವುದೇಕೆಂದರೆ, ಮೂರರಲ್ಲೂ ಇರುವವರನ್ನು ಮೊದಲು ಮೂರು ಸಲ ಎಣಿಸಿ, ಆಮೇಲೆ ಮೂರು ಜೋಡಿಗಳಲ್ಲಿ ಮೂರು ಸಲ ಕಳೆದಿರುತ್ತೀರಿ. ಅವರು ಲೆಕ್ಕದಿಂದ ಪೂರ್ತಿ ಬಿಟ್ಟುಹೋಗಿರುತ್ತಾರೆ.

ಚಳ್ಳಕೆರೆ ಸೀಮೆಯ 120 ರೈತರಲ್ಲಿ ಶೇಂಗಾ ಹಾಕಿದವರು 70, ಮೆಕ್ಕೆಜೋಳ 50, ಈರುಳ್ಳಿ 40. ಶೇಂಗಾ-ಮೆಕ್ಕೆಜೋಳ ಎರಡೂ 22, ಮೆಕ್ಕೆಜೋಳ-ಈರುಳ್ಳಿ 15, ಶೇಂಗಾ-ಈರುಳ್ಳಿ 18, ಮೂರೂ 8 ಎಂದಿರಲಿ. 160 − 55 + 8 = 113. ಮೂರರಲ್ಲಿ ಒಂದನ್ನಾದರೂ ಹಾಕಿದ ರೈತ ಸಿಗುವ ಸಂಭವನೀಯತೆ 113/120.

ವೆನ್ ಚಿತ್ರ (ಒಂದೊಂದು ಘಟನೆಗೆ ಒಂದೊಂದು ವೃತ್ತ, ಸಾಮಾನ್ಯ ಭಾಗಗಳಲ್ಲಿ ಒಂದರ ಮೇಲೊಂದು) ತುಂಬುವಾಗ ನಡುವಿನಿಂದ ಶುರು ಮಾಡಿ ಹೊರಕ್ಕೆ ಬನ್ನಿ. ಮೊದಲು ಮಧ್ಯದಲ್ಲಿ 8 ಬರೆಯಿರಿ. ಆಮೇಲೆ ಜೋಡಿಗಳಿಂದ 8 ಕಳೆದು 14, 7, 10 ಬರೆಯಿರಿ. ಕೊನೆಗೆ ಒಂದೊಂದೇ ಬೆಳೆ: ಶೇಂಗಾ ಮಾತ್ರ 70 − 14 − 10 − 8 = 38, ಮೆಕ್ಕೆಜೋಳ ಮಾತ್ರ 21, ಈರುಳ್ಳಿ ಮಾತ್ರ 15. ಏಳು ಭಾಗಗಳನ್ನು ಕೂಡಿದರೆ 113 ಬರಬೇಕು, ಬರುತ್ತದೆ. ಹೊರಗಿನಿಂದ ಶುರು ಮಾಡಿದವರು 70ನ್ನು ನೇರವಾಗಿ ‘ಶೇಂಗಾ ಮಾತ್ರ’ ಎಂಬ ಜಾಗದಲ್ಲಿ ಬರೆದು ಕೆಡುತ್ತಾರೆ. ಯಾವುದಾದರೂ ಭಾಗದಲ್ಲಿ ಋಣಸಂಖ್ಯೆ ಬಂದರೆ ಒಂದೋ ಓದಿದ್ದು ತಪ್ಪು, ಇಲ್ಲವೇ ಪ್ರಶ್ನೆಯ ಅಂಕಿಗಳೇ ತಪ್ಪು.

ಇನ್ನೊಂದು ಸೂಕ್ಷ್ಮ: ಮೂರಕ್ಕೂ ಸಾಮಾನ್ಯವಾದದ್ದು ಇಲ್ಲ ಎಂದ ಮಾತ್ರಕ್ಕೆ ಮೂರೂ ಪರಸ್ಪರ ವರ್ಜಕವಾಗುವುದಿಲ್ಲ. ಪ್ರತಿ ಜೋಡಿಯೂ ಖಾಲಿ ಇರಬೇಕು.

1ರಿಂದ 100ರವರೆಗಿನ ಚೀಟಿಗಳಲ್ಲಿ 4 ಅಥವಾ 6ರಿಂದ ಭಾಗವಾಗುವ ಸಂಖ್ಯೆ ಸಿಗುವ ಸಂಭವನೀಯತೆ ಎಷ್ಟು?

33/100. 4ರ ಗುಣಕಗಳು 25, 6ರ ಗುಣಕಗಳು 16, 4ಕ್ಕೂ 6ಕ್ಕೂ ಗುಣಕವಾದವು 8. ಸಾಮಾನ್ಯ ಭಾಗಕ್ಕೆ 4 × 6 = 24ರ ಗುಣಕಗಳನ್ನು ಎಣಿಸುವುದು ತಪ್ಪು, ಲ.ಸಾ.ಅ. ಆದ 12ರ ಗುಣಕಗಳನ್ನು ಎಣಿಸಬೇಕು. 24 ತೆಗೆದುಕೊಂಡರೆ 12, 36, 60, 84 ಎರಡು ಸಲ ಲೆಕ್ಕದಲ್ಲಿ ಉಳಿದು 37 ಬರುತ್ತದೆ. 3 ಮತ್ತು 5ರಂಥ ಜೋಡಿಗಳಲ್ಲಿ ಗುಣಿಸಿದರೂ ಸರಿಯಾಗಿಬಿಡುವುದರಿಂದ ಈ ತಪ್ಪು ಅಭ್ಯಾಸವಾಗಿ ಅಂಟಿಕೊಳ್ಳುತ್ತದೆ.

ಇಸ್ಪೀಟ್ ಎಲೆಗಳ ಲೆಕ್ಕ ಬೇಗ ಮಾಡುವುದು ಹೇಗೆ?

52 ಎಲೆಗಳಲ್ಲಿ ರಾಜ ಅಥವಾ ರಾಣಿ: ಒಂದೇ ಎಲೆ ಎರಡೂ ಆಗದು, 8/52. ರಾಜ ಅಥವಾ ಆಟಿನ್ (ಕೆಂಪು ಹೃದಯದ ಗುರುತಿನ ಎಲೆ): ಆಟಿನ್ ರಾಜ ಎರಡರಲ್ಲೂ ಇದೆ, 4 + 13 − 1 = 16, ಅಂದರೆ 4/13. ಕೆಂಪು ಅಥವಾ ಚಿತ್ರದ ಎಲೆ (ರಾಜ, ರಾಣಿ, ಗುಲಾಮ): 26 + 12 − 6 = 32, ಅಂದರೆ 8/13. ಎಕ್ಕವನ್ನು ಚಿತ್ರದ ಎಲೆಗೆ ಸೇರಿಸಬೇಡಿ.

ದಾಳವನ್ನು ನಾಲ್ಕು ಸಲ ಹಾಕಿದರೆ ಒಂದು ಸಲವಾದರೂ 6 ಬೀಳುವುದು 4/6 ಅಲ್ಲವೇ?

ಅಲ್ಲ. ಹಾಗಾದರೆ ಆರು ಸಲ ಹಾಕಿದರೆ 6 ಬಿದ್ದೇ ಬೀಳಬೇಕಾಗಿತ್ತು. ‘ಮೊದಲ ಸಲ 6’, ‘ಎರಡನೇ ಸಲ 6’ ವರ್ಜಕವಲ್ಲ, ಎರಡೂ ಸಲ ಬೀಳಬಹುದು. ಎರಡೇ ದಾಳಗಳಲ್ಲಿ ನೋಡಿ: 6/36 + 6/36 − 1/36 = 11/36. ಕಳೆದ ಆ ಒಂದು (6, 6) ಎಂಬ ಫಲಿತ.

ನಾಲ್ಕು ಸಲಕ್ಕೆ ಸೇರಿಸುವ-ಕಳೆಯುವ ಸೂತ್ರದಲ್ಲಿ 15 ಪದಗಳಾಗುತ್ತವೆ. ಅದರ ಬದಲು ಪೂರಕ ಹಿಡಿಯಿರಿ: ಒಂದು ಸಲವೂ 6 ಬೀಳದಿರುವುದು (5/6)⁴ = 625/1296. ಉತ್ತರ 671/1296, ಸುಮಾರು 0.518. ‘ಒಂದಾದರೂ’ ಎಂದು ಕಂಡ ಕೂಡಲೇ ‘ಒಂದೂ ಇಲ್ಲ’ ಎಂಬುದನ್ನು ಲೆಕ್ಕ ಹಾಕುವುದು ಒಳ್ಳೆಯದು.

ಇದು ಹಳೆಯ ಪ್ರಶ್ನೆ. ಫ್ರಾನ್ಸಿನಲ್ಲಿ ಶೆವಲಿಯೆ ದ ಮೆರೆ ಎತ್ತಿದ ಜೂಜಿನ ಲೆಕ್ಕಗಳ ಬಗ್ಗೆ 1654ರಲ್ಲಿ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡರು. ಒಂದು ದಾಳ 4 ಸಲ ಹಾಕಿ ಒಂದು 6 ಪಡೆಯುವುದು ಲಾಭದ ಪಂದ್ಯವಾದರೆ, ಎರಡು ದಾಳ 24 ಸಲ ಹಾಕಿ ಜೋಡಿ 6 ಪಡೆಯುವುದೂ ಲಾಭದ್ದೇ ಆಗಬೇಕಲ್ಲ ಎಂಬುದು ಅವುಗಳಲ್ಲೊಂದು. 4/6ಕ್ಕೆ 24/36 ಸಮ ತಾನೇ! ನಿಜದಲ್ಲಿ ಎರಡನೆಯದು 1 − (35/36)²⁴, ಸುಮಾರು 0.491. ಅರ್ಧಕ್ಕಿಂತ ಕಡಿಮೆ.

ವಾಪಸ್ ಹಾಕದೆ ಎರಡು ತೆಗೆದರೆ ಸಂಕಲನ ನಿಯಮ ನಡೆಯುತ್ತದೆಯೇ?

ನಡೆಯುತ್ತದೆ. ನೂಲಿನ 10 ಬಾಬಿನ್‌ಗಳಲ್ಲಿ 3 ಕೆಟ್ಟಿವೆ. ಎರಡನ್ನು ಒಂದಾದ ಮೇಲೊಂದು ತೆಗೆದರೆ ಒಂದಾದರೂ ಕೆಟ್ಟದ್ದು ಬರುವುದು: ಮೊದಲನೆಯದು ಕೆಟ್ಟದ್ದು 3/10. ಎರಡನೆಯದು ಕೆಟ್ಟದ್ದು, ಮೊದಲನೆಯದು ಏನೆಂದು ಗೊತ್ತಿಲ್ಲದಾಗ, ಅದೂ 3/10. ಇಲ್ಲಿ 2/9 ಹಾಕುವವರು ಬಹಳ. 2/9 ಬರುವುದು ಸಾಮಾನ್ಯ ಭಾಗದಲ್ಲಿ: 3/10 × 2/9 = 1/15. ಒಟ್ಟು 3/10 + 3/10 − 1/15 = 8/15.

ತಾಳೆ ನೋಡಲು ಆಯ್ಕೆಗಳ ಎಣಿಕೆ ಬಳಸಿ. 10ರಲ್ಲಿ 2 ಆರಿಸುವ ಬಗೆಗಳು 45, ಒಳ್ಳೆಯ 7ರಲ್ಲಿ 2 ಆರಿಸುವ ಬಗೆಗಳು 21. ಪೂರಕ 21/45 = 7/15, ಉತ್ತರ 8/15. ಈ ಆಯ್ಕೆಗಳ ಎಣಿಕೆಗೆ ಸಾಮಾನ್ಯ ನಿಯಮವನ್ನು 9ನೇ ಶತಮಾನದಲ್ಲೇ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಗಣಿತಜ್ಞ ಮಹಾವೀರಾಚಾರ್ಯ ಕೊಟ್ಟಿದ್ದ.

ಸೂತ್ರಕ್ಕೆ ಸಾಧನೆ ಬರೆಯುವುದು ಹೇಗೆ?

1933ರಲ್ಲಿ ರಷ್ಯಾದ ಗಣಿತಜ್ಞ ಕೊಲ್ಮೊಗೊರೊವ್ ಸಂಭವನೀಯತೆಗೆ ಹಾಕಿಕೊಟ್ಟ ಸ್ವಯಂಸಿದ್ಧಗಳಲ್ಲಿ (ಸಾಧನೆಯಿಲ್ಲದೆ ಒಪ್ಪಿಕೊಳ್ಳುವ ಮೂಲ ನಿಯಮಗಳಲ್ಲಿ) ಕೂಡುವ ಅನುಮತಿ ಇರುವುದು ವರ್ಜಕ ಘಟನೆಗಳಿಗೆ ಮಾತ್ರ. ಉಳಿದದ್ದನ್ನು ಅದರಿಂದಲೇ ತೆಗೆಯಬೇಕು. ಅ ∪ ಬ ಯನ್ನು ‘ಅ’ ಮತ್ತು ‘ಬ ಆಗಿ ಅ ಆಗದ್ದು’ ಎಂದು ಒಡೆಯಿರಿ. ಈ ಎರಡು ತುಂಡುಗಳು ವರ್ಜಕ, ಆದ್ದರಿಂದ ಕೂಡಬಹುದು. ಬ ಯನ್ನೂ ‘ಅ ∩ ಬ’ ಮತ್ತು ‘ಬ ಆಗಿ ಅ ಆಗದ್ದು’ ಎಂದು ಒಡೆದರೆ ಎರಡನೇ ತುಂಡಿನ ಸಂಭವನೀಯತೆ ಸಂ(ಬ) − ಸಂ(ಅ ∩ ಬ). ಅದನ್ನು ಮೊದಲಿನದರಲ್ಲಿ ಇಟ್ಟರೆ ಸೂತ್ರ ಬಂತು. ಪರೀಕ್ಷೆಯಲ್ಲಿ ತುಂಡುಗಳು ವರ್ಜಕ ಎಂಬ ಸಾಲನ್ನು ಬಿಡಬೇಡಿ, ಸಾಧನೆ ನಿಂತಿರುವುದೇ ಅದರ ಮೇಲೆ.

ಎಣಿಸಲಾಗದ ಫಲಿತಗಳಿದ್ದರೆ, ಉದಾಹರಣೆಗೆ ಸಮಯ?

ಎಣಿಕೆಯ ಬದಲು ಉದ್ದ ಅಳೆಯಿರಿ. ಚಿತ್ರದುರ್ಗದ ಬಸ್ಸು ದಾವಣಗೆರೆಗೆ 8ರಿಂದ 9 ಗಂಟೆಯ ನಡುವೆ ಯಾವ ಕ್ಷಣದಲ್ಲಾದರೂ ಸಮಾನ ಸಾಧ್ಯತೆಯಿಂದ ಬರುತ್ತದೆ ಎಂದುಕೊಂಡರೆ, ‘8.00ರಿಂದ 8.20’ ಅಥವಾ ‘8.15ರಿಂದ 8.40’ರಲ್ಲಿ ಬರುವುದು 20/60 + 25/60 − 5/60 = 40/60. ಎರಡನೆಯದು 8.15ರ ಬದಲು 8.20ಕ್ಕೆ ಶುರುವಾದರೆ ಎರಡಕ್ಕೂ 8.20 ಎಂಬ ಒಂದು ಕ್ಷಣ ಸಾಮಾನ್ಯ. ಕಟ್ಟುನಿಟ್ಟಾಗಿ ಹೇಳಿದರೆ ಅವು ವರ್ಜಕವಲ್ಲ. ಆದರೂ ಒಂದು ಕ್ಷಣದ ಉದ್ದ ಸೊನ್ನೆಯಾದ್ದರಿಂದ ಕಳೆಯುವ ಪದವೂ ಸೊನ್ನೆ, ನೇರವಾಗಿ 20/60 + 20/60 ಎಂದು ಕೂಡಬಹುದು.